ಮಾತಿನ ಮಂಡಿ: ಹುಳಕ್ಕೆ ಜ್ವರ, ಕೈಗೆ ಚಿಪ್ಪು

ಆಡುಮಾತಿನ ಪದಗಳಿಗೆ ನಗುನಗುತ್ತಾ ಅರ್ಥ ಹೇಳುವ ಅಂಕಣ ಇದು. ನಿಘಂಟಿನ ಅರ್ಥ ನಿಮಗೆ ಗೊತ್ತೇ ಇರುತ್ತೆ. ಆ ಪದವನ್ನು ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳುತ್ತಾರೆ, ಹೇಳಿದ ಮೇಲೆ ಏನಾಗುತ್ತೆ, ಅದನ್ನು ನಾನು ಬರೆಯುತ್ತೇನೆ. ಹೊಸಬರಿಗಾಗಿ ಎರಡು ಮಾತು: ಚಿಂತಾಮಣಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ತವರು ತಿಪಟೂರು ಕಡೆ, ತೆಂಗಿನ ತೋಟದ ಮನೆ. ಗಂಡನ ಮನೆ ಶಿಡ್ಲಘಟ್ಟ ಕಡೆ, ರೇಷ್ಮೆ ಹುಳು ಸಾಕುವ ಮನೆ. ಅಂಗಡಿಯಲ್ಲಿ ನಿಂತರೆ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ವಾಕ್ಯದಲ್ಲಿ ಕಿವಿಗೆ ಬೀಳುತ್ತವೆ. ಪತ್ರ ಬರೆದವರ ಹೆಸರು ಇಲ್ಲಿ ಹಾಕುವುದಿಲ್ಲ, ಊರು ಸಾಕು.

ಪ್ರ: ಅಕ್ಕಾ, ನಾನು ಬೆಂಗಳೂರಿನವಳು, ಮದುವೆಯಾಗಿ ಈ ಕಡೆ ಬಂದಿದ್ದೇನೆ. ಮೊನ್ನೆ ನಮ್ಮತ್ತೆ ಫೋನಿನಲ್ಲಿ ಯಾರಿಗೋ "ಎಲ್ಲಕ್ಕೂ ಒಟ್ಟಿಗೆ ಜ್ವರ ಬಂತು, ನಾಳೆ ಏಳ್ತವೆ, ಸಮಾಧಾನ ಆಯ್ತು" ಅಂದರು. ಜ್ವರ ಬಂದರೆ ಸಮಾಧಾನ ಯಾಕೆ? ಕೇಳೋಕೆ ನಾಚಿಕೆ ಆಯ್ತು.
— ಹೊಸ ಸೊಸೆ, ಶಿಡ್ಲಘಟ್ಟ ತಾಲ್ಲೂಕು

ಉ: ನಾಚಿಕೆ ಯಾಕಮ್ಮಾ, ನಿಮ್ಮತ್ತೆಗೆ ಇದನ್ನು ಹೇಳಿಕೊಡುವುದಕ್ಕಿಂತ ಖುಷಿಯ ಕೆಲಸ ಇನ್ನೊಂದಿಲ್ಲ. ಮೊದಲು ಅರ್ಥ ತಗೋ.

ಜ್ವರ: ಬಂದರೆ ಮನೆಮಂದಿಯೆಲ್ಲ ಸಂತೋಷಪಡುವ, ಬರುವುದು ತಡವಾದರೆ ಗಾಬರಿಯಾಗುವ ಕಾಯಿಲೆ. ಮಾತ್ರೆ ಬೇಡ, ಸೊಪ್ಪು ನಿಲ್ಲಿಸಿದರೆ ಸಾಕು.

ರೇಷ್ಮೆ ಹುಳು ಬೆಳೆಯುತ್ತೆ, ಅದರ ಚರ್ಮ ಅಷ್ಟು ಬೆಳೆಯುವುದಿಲ್ಲ. ಅದಕ್ಕೇ ನಾಲ್ಕು ಸಲ ಪೊರೆ ಕಳಚುತ್ತೆ. ಕಳಚುವ ಮುಂಚೆ ತಿನ್ನುವುದನ್ನು ಬಿಟ್ಟು, ತಲೆ ಮೇಲೆತ್ತಿ, ಅಲ್ಲಾಡದೆ ಕೂತುಬಿಡುತ್ತೆ. ನೋಡಿದವರಿಗೆ ಪಾಪ, ಮೈ ಹುಷಾರಿಲ್ಲ ಅನ್ನಿಸುತ್ತೆ. ಅದಕ್ಕೇ ನಮ್ಮ ಕಡೆ ಜ್ವರ ಅನ್ನುವುದು. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕರವರೆಗೂ ಲೆಕ್ಕ ನಡೆಯುತ್ತೆ. ಆ ಹೊತ್ತಿನಲ್ಲಿ ಹಿಪ್ಪುನೇರಳೆ ಸೊಪ್ಪು ಹಾಕುವುದಿಲ್ಲ. ಹುಳದ ಹಾಸಿಗೆ ಒಣಗಲಿ ಅಂತ ಸುಣ್ಣದ ಪುಡಿ ತೆಳ್ಳಗೆ ಉದುರಿಸುತ್ತಾರೆ. ಹುಳದ ಮನೆಯಲ್ಲಿ ಯಾರೂ ಸುಮ್ನೆ ಓಡಾಡುವುದಿಲ್ಲ.

ನಿಮ್ಮತ್ತೆಯ ಮಾತಿನಲ್ಲಿ ಮುಖ್ಯವಾದ ಪದ ಜ್ವರ ಅಲ್ಲ, "ಒಟ್ಟಿಗೆ". ಅರ್ಧ ಹುಳು ಜ್ವರಕ್ಕೆ ಕೂತು ಇನ್ನರ್ಧ ತಿನ್ನುತ್ತಾ ಇದ್ದರೆ ಸೊಪ್ಪು ಹಾಕಿದರೂ ಕಷ್ಟ, ಬಿಟ್ಟರೂ ಕಷ್ಟ. ಮುಂದೆ ಹಣ್ಣಾಗುವುದೂ ಹಿಂದೆಮುಂದೆ ಆಗುತ್ತೆ. ಎಲ್ಲವೂ ಒಂದೇ ಹೊತ್ತಿಗೆ ತಲೆ ಎತ್ತಿ ಕೂತರೆ ಸಾಕಿದವರ ಕೈಗುಣ ಚೆನ್ನಾಗಿದೆ ಅಂತ ಲೆಕ್ಕ. ಅದನ್ನು ನಾಲ್ಕು ಜನಕ್ಕೆ ಫೋನ್ ಮಾಡಿ ಹೇಳಲೇಬೇಕು.

ನಾಲ್ಕನೇ ಜ್ವರ ಮುಗಿದು ಒಂದು ವಾರ ಕಳೆದರೆ "ಹಣ್ಣಾಗಿವೆ" ಅನ್ನುವ ಮಾತು ಕೇಳುತ್ತೀಯ. ಹಣ್ಣು: ತಿನ್ನಲು ಬರದ, ಆದರೆ ಬ್ಯಾಂಕಿನ ಸಾಲ ತೀರಿಸುವ ಹಣ್ಣು. ಹುಳು ತಿನ್ನುವುದನ್ನು ಪೂರ್ತಿ ನಿಲ್ಲಿಸುತ್ತೆ, ಬೆಳಕಿಗೆ ಹಿಡಿದರೆ ಮೈ ಗಾಜಿನ ಹಾಗೆ ಕಾಣುತ್ತೆ, ಗೂಡು ಕಟ್ಟೋಕೆ ಜಾಗ ಹುಡುಕುತ್ತಾ ತಲೆ ಆಡಿಸುತ್ತೆ. ಆಗ ಮನೆಯಲ್ಲಿ ಒಬ್ಬರೂ ಕೂರುವ ಹಾಗಿಲ್ಲ. ನೆಂಟರು ಬಂದರೂ ಅವರ ಕೈಗೊಂದು ತಟ್ಟೆ ಕೊಟ್ಟು ಹುಳು ಆರಿಸೋಕೆ ಕೂರಿಸುತ್ತಾರೆ. ಆ ದಿನ "ಚಂದ್ರಿಕೆ ಇನ್ನೂ ಎಷ್ಟು ಬೇಕು?" ಅಂತ ನಿಮ್ಮ ಮಾವ ಕೂಗಿದರೆ ಯಾವ ಹುಡುಗಿ ಅಂತ ತಿರುಗಿ ನೋಡಬೇಡ. ಚಂದ್ರಿಕೆ ಅಂದರೆ ಬಿದಿರಿನ ದೊಡ್ಡ ತಟ್ಟಿ. ಅದರ ಸುರುಳಿಯ ಸಂದಿನಲ್ಲಿ ಹುಳು ಗೂಡು ಕಟ್ಟುತ್ತೆ. ಕಡಿಮೆ ಬಿದ್ದರೆ ಬಾಡಿಗೆಗೂ ತರುತ್ತಾರೆ.

ಕೊನೆಗೊಂದು ಮಾತು, ಇದು ತಮಾಷೆ ಅಲ್ಲ. ಹುಳದ ಮನೆ ಹತ್ತಿರ ಸೊಳ್ಳೆ ಬತ್ತಿ ಹಚ್ಚಬೇಡ, ಸೊಳ್ಳೆ ಔಷಧಿ ಸಿಂಪಡಿಸಬೇಡ. ಹೊಗೆಗೆ ಹುಳು ಸಾಯುತ್ತವೆ. ಬೆಂಗಳೂರಿನ ಅಭ್ಯಾಸದಲ್ಲಿ ಕೈ ಹೋಗಿಬಿಡುತ್ತೆ, ಅದಕ್ಕೇ ಹೇಳಿದೆ.

ಪ್ರ: ನಾನು ಬಿಹಾರದವನು. ಕನ್ನಡ ಕಲಿಯುತ್ತಿದ್ದೇನೆ, ಪಕ್ಕದ ಮನೆಯ ತಮ್ಮ ಇದನ್ನು ಬರೆದುಕೊಡುತ್ತಿದ್ದಾನೆ. ಇಲ್ಲಿ ಎಲ್ಲರೂ ಯಾವಾಗಲೂ ಏನನ್ನಾದರೂ ಹೊಡೆಯುತ್ತಲೇ ಇರುತ್ತಾರೆ. ಪುಸ್ತಕದಲ್ಲಿ "ಹೊಡೆ" ಅಂದರೆ ಪೆಟ್ಟು ಕೊಡು ಅಂತ ಮಾತ್ರ ಇದೆ. ಇಷ್ಟು ಹೊಡೆದಾಟ ಯಾಕೆ?
— ಕಾರ್ಖಾನೆ ಉದ್ಯೋಗಿ, ನರಸಾಪುರ

ಉ: ಅಣ್ಣಾ, ಈ ಸಲದ ಪತ್ರಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ನಿಮ್ಮದು. ಹುಟ್ಟಿದಾಗಿನಿಂದ ಈ ಮಾತು ಆಡುವ ನಮಗೆ ಇದು ಕಾಣಿಸುವುದೇ ಇಲ್ಲ.

ಹೊಡೆ: ಯಾರಿಗೂ ಪೆಟ್ಟಾಗದ ಹಾಗೆ ಬೆಳಗಿನಿಂದ ರಾತ್ರಿಯವರೆಗೂ ಮಾಡಬಹುದಾದ ಕೆಲಸ.

ನಮ್ಮೂರಿನ ಒಬ್ಬ ಹುಡುಗನ ಒಂದು ದಿನ ನೋಡಿ. ಬೆಳಿಗ್ಗೆ ಎದ್ದು ತೋಟಕ್ಕೆ ಔಷಧಿ ಹೊಡೆದ. ತಿಂಡಿ ತಿಂದು ಕಾಲೇಜಿಗೆ ಹೋದ, ಮೊದಲ ಕ್ಲಾಸಿಗೆ ಚಕ್ಕರ್ ಹೊಡೆದ. ಬಸ್ ಸ್ಟ್ಯಾಂಡ್ ಹತ್ತಿರ ಒಂದು ರೌಂಡ್ ಹೊಡೆದ. ಯಾರೋ ಸಿಳ್ಳೆ ಹೊಡೆದರು, ಯಾರೋ ಕಣ್ಣು ಹೊಡೆದರು, ಇವನು ಡೈಲಾಗ್ ಹೊಡೆದ. ನನ್ನ ಅಂಗಡಿಗೆ ಬಂದು "ಅಕ್ಕಾ, ನೋಟ್ಸು ಜೆರಾಕ್ಸ್ ಹೊಡೆದುಕೊಡಿ" ಅಂದ. ಪರೀಕ್ಷೆಯಲ್ಲಿ ಕಾಪಿ ಹೊಡೆದ ಗೆಳೆಯ ಸಿಕ್ಕಿಬಿದ್ದ ಕಥೆ ಹೇಳಿದ. ಮಧ್ಯಾಹ್ನ ಬಿಸಿಲು ಹೊಡೆಯಿತು. ಮನೆಗೆ ಹೋಗಿ ನಿದ್ದೆ ಹೊಡೆದ, ಗೊರಕೆಯನ್ನೂ ಹೊಡೆದ. ಸಂಜೆ ಅಪ್ಪ ಗೋಡೆಗೆ ಬಣ್ಣ ಹೊಡೆಯೋಕೆ ಕರೆದ. ಅಷ್ಟರಲ್ಲಿ ಟೊಮೆಟೊಗೆ ರೇಟು ಬಂದು ಪಕ್ಕದ ತೋಟದವನಿಗೆ ಲಾಟರಿ ಹೊಡೆಯಿತು. ಇಷ್ಟರಲ್ಲಿ ಒಬ್ಬರಿಗೂ ಪೆಟ್ಟಾಗಿಲ್ಲ.

ಎಣ್ಣೆ ಹೊಡೆಯುವುದು ಅಂತಲೂ ಕೇಳಿರುತ್ತೀರಿ. ಅದು ತಲೆಗೆ ಹಚ್ಚುವ ಎಣ್ಣೆ ಅಲ್ಲ, ತಲೆಗೆ ಏರುವ ಎಣ್ಣೆ. ಮೇಸ್ತ್ರಿ ಸಂಬಳದ ದಿನ ಆ ಮಾತು ಎತ್ತಿದರೆ ಮನೆ ಕಡೆ ನಡೆಯಿರಿ.

ನಿಜವಾಗಿ ಯಾರಾದರೂ ಯಾರಿಗಾದರೂ ಹೊಡೆದರೆ ನಮ್ಮಲ್ಲಿ ಆ ಪದ ಸಾಲುವುದಿಲ್ಲ. "ಬಾರಿಸಿದ", "ಇಕ್ಕಿದ", "ಬಿಟ್ಟ ನೋಡು ಒಂದು" ಅನ್ನುತ್ತಾರೆ. ಹೊಡೆತಕ್ಕೆ ಬೇರೆ ಪದ ಇಟ್ಟುಕೊಂಡು, "ಹೊಡೆ" ಅನ್ನುವುದನ್ನು ಬದುಕಿನ ಬಾಕಿ ಎಲ್ಲ ಕೆಲಸಕ್ಕೂ ಬಿಟ್ಟುಕೊಟ್ಟಿದ್ದೇವೆ. ಕಲಿಯುವವರಿಗೆ ಒಂದು ಸುಲಭದ ದಾರಿ ಹೇಳುತ್ತೇನೆ: ಯಾವ ಕ್ರಿಯಾಪದ ಅಂತ ನೆನಪಾಗದಿದ್ದರೆ "ಹೊಡೆ" ಅಂದುಬಿಡಿ. ಹತ್ತರಲ್ಲಿ ಆರು ಸಲ ಸರಿಯಾಗಿರುತ್ತೆ. ಊಟ ಮಾತ್ರ ಮಾಡಿ, ಹೊಡೆಯಬೇಡಿ.

ಪ್ರ: ಬುರುಡೆ, ರೀಲು, ಕಾಗೆ, ಓಳು, ಎಲ್ಲ ಒಂದೇನಾ? ನಮ್ಮ ಹಾಸ್ಟೆಲಿನಲ್ಲಿ ಇದರ ಮೇಲೆ ಜಗಳ ಆಗಿದೆ. ತೀರ್ಪು ನೀವೇ ಕೊಡಬೇಕು.
— ಪದವಿ ವಿದ್ಯಾರ್ಥಿನಿಯರು, ಕೋಲಾರ

ಉ: ಖಂಡಿತ ಒಂದೇ ಅಲ್ಲ. ಒಂದೇ ಆಗಿದ್ದರೆ ನಾಲ್ಕು ಪದ ಯಾಕೆ ಬೇಕಿತ್ತು?

ಬುರುಡೆ: ಸುಳ್ಳು ಅಂತ ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು, ಆದರೂ ಇಬ್ಬರೂ ಖುಷಿಯಾಗಿರುತ್ತಾರೆ. ಅಂತರಗಂಗೆ ಬೆಟ್ಟದಲ್ಲಿ ಚಿರತೆಯ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ ಅನ್ನುವುದು ಬುರುಡೆ.

ಓಳು: ಸಣ್ಣದೊಂದು ಕೆಲಸ ಆಗಲಿ ಅಂತ ಬಿಡುವುದು. "ಮೇಡಂ, ನೆಟ್ ಇರಲಿಲ್ಲ, ಅಸೈನ್‌ಮೆಂಟ್ ಹೋಗಲಿಲ್ಲ."

ಕಾಗೆ: ಇದನ್ನು ಹಾರಿಸುತ್ತಾರೆ. ಹಾರಿಸುವವನು ನಿಮ್ಮ ಮುಖ ನೋಡುವುದಿಲ್ಲ, ಎಲ್ಲೋ ಮೇಲೆ ನೋಡುತ್ತಾ ಹೇಳುತ್ತಾನೆ. "ನಮ್ಮಣ್ಣನಿಗೆ ಮಿನಿಸ್ಟರ್ ಪಿ.ಎ. ಗೊತ್ತು."

ರೀಲು: ಒಂದು ಸುಳ್ಳಿನ ತುದಿ ಸಿಕ್ಕಿತು, ಅದರ ಹಿಂದೆ ಇನ್ನೊಂದು ಬಂತು, ನಿಲ್ಲಿಸೋಕೆ ಆಗುತ್ತಿಲ್ಲ. ಉದ್ದ ಇದ್ದರೆ ಮಾತ್ರ ರೀಲು. ಎರಡು ವಾಕ್ಯಕ್ಕೆ ಮುಗಿದದ್ದನ್ನು ರೀಲು ಅನ್ನಬೇಡಿ.

ರೀಲಿನ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಶಿಡ್ಲಘಟ್ಟದ ಪರ. ಅಲ್ಲಿ ರೀಲು ಅಂದರೆ ಅನ್ನ. ರೀಲರ್‌ಗಳು ಗೂಡನ್ನು ಬೇಯಿಸಿ, ಬಿಸಿನೀರಿನಲ್ಲಿ ಬೆರಳಾಡಿಸಿ ಎಳೆಯ ತುದಿ ಹುಡುಕುತ್ತಾರೆ. ಒಂದು ಗೂಡಿನಲ್ಲಿ ನೂರಾರು ಮೀಟರ್ ಎಳೆ, ದ್ವಿತಳಿ ಅನ್ನುವ ಜಾತಿಯ ಒಳ್ಳೆಯ ಬಿಳಿ ಗೂಡಾದರೆ ಸಾವಿರ ಮೀಟರ್ ದಾಟುತ್ತೆ. ಒಂದೇ ಎಳೆ ತೀರಾ ಸಣ್ಣ, ಅದಕ್ಕೇ ಹಲವು ಗೂಡುಗಳ ಎಳೆ ಸೇರಿಸಿ ಒಂದು ನೂಲು ಮಾಡುತ್ತಾರೆ. ನನ್ನ ಅಂಗಡಿಗೆ ಆಧಾರ್ ಕಾರ್ಡಿನ ಜೆರಾಕ್ಸ್‌ಗೆ ಬರುವ ರೀಲಿಂಗ್ ಹೆಂಗಸರ ಬೆರಳ ತುದಿ ನೋಡಿದ್ದೇನೆ. ಬೆಳ್ಳಗೆ ಸುಕ್ಕಾಗಿ ಗೆರೆಗಳೇ ಕಾಣುವುದಿಲ್ಲ. ಹೆಬ್ಬೆಟ್ಟು ಇಡುವ ಯಂತ್ರ ಅವರ ಬೆರಳನ್ನು ಮತ್ತೆ ಮತ್ತೆ ಬೇಡ ಅನ್ನುತ್ತೆ. ಆದ್ದರಿಂದ ನನ್ನ ತೀರ್ಪು ಇಷ್ಟು: ಸುಳ್ಳಿಗೆ ಬುರುಡೆ ಇದೆ, ಓಳು ಇದೆ, ಕಾಗೆ ಇದೆ. ರೀಲು ಅನ್ನುವ ಪದವನ್ನು ದುಡಿಯುವವರಿಗೆ ಬಿಟ್ಟುಕೊಡಿ. ಫೋನಿನಲ್ಲಿ ಮಾಡುವ ರೀಲ್ಸ್ ಬೇಕಿದ್ದರೆ ಇರಲಿ.

ಪ್ರ: ಇಂಟರ್‌ವ್ಯೂಗೆ ಹೋಗಿದ್ದೆ. ದಿನವಿಡೀ ಕೂರಿಸಿ ಕೊನೆಗೆ "ತಿಳಿಸ್ತೀವಿ" ಅಂದರು. ಮನೆಗೆ ಬಂದು ಹೇಳಿದರೆ ತಾತ "ಕೈಗೆ ಚಿಪ್ಪು ಕೊಟ್ಟರು ಅನ್ನು" ಅಂದು ನಕ್ಕರು. ಇದೇನು ಚಿಪ್ಪು?
— ಡಿಪ್ಲೊಮಾ ಮುಗಿಸಿದವನು, ಮಧುಗಿರಿ

ಉ: ತಮ್ಮಾ, ತೆಂಗಿನ ಸೀಮೆಯವಳನ್ನೇ ಕೇಳಿದ್ದೀಯ.

ಚಿಪ್ಪು: ಕಾಯಿ ಒಳಗಿನದೆಲ್ಲ ಬೇರೆಯವರ ಹೊಟ್ಟೆಗೆ ಹೋದ ಮೇಲೆ ನಿನ್ನ ಕೈಗೆ ಬರುವ ಭಾಗ.

ಅರ್ಥ ಸರಿಯಾಗಿದೆ, ಆದರೆ ತಿಪಟೂರಿನಲ್ಲಿ ಯಾರಿಗಾದರೂ "ಚಿಪ್ಪು ಸಿಕ್ತು" ಅಂದರೆ ಬೇಜಾರು ಮಾಡಿಕೊಳ್ಳುವುದಿಲ್ಲ, "ಎಷ್ಟು ಕೆ.ಜಿ.?" ಅಂತ ಕೇಳುತ್ತಾರೆ. ಚಿಪ್ಪನ್ನು ಸುಟ್ಟು ಇದ್ದಿಲು ಮಾಡುತ್ತಾರೆ, ಆ ಇದ್ದಿಲಿನಿಂದ ನೀರು ಶುದ್ಧ ಮಾಡುವ ಇಂಗಾಲ ತಯಾರಾಗುತ್ತೆ. ಅದಕ್ಕೆ ಒಳ್ಳೆ ಬೇಡಿಕೆ ಇದೆ. ನಮ್ಮ ಕಡೆ ತೆಂಗಿನಲ್ಲಿ ಎಸೆಯುವ ಭಾಗ ಅಂತ ಒಂದಿಲ್ಲ.

ಅದರ ಬದಲು ನಾನು ನಿನಗೆ ಇನ್ನೊಂದು ಪದ ಕೊಡುತ್ತೇನೆ: ಅಟ್ಟದ ಕಾಯಿ. ಉಂಡೆ ಕೊಬ್ಬರಿ ಮಾಡೋಕೆ ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಮುಟ್ಟದೆ ಬಿಡುತ್ತಾರೆ, ಹತ್ತಿರ ಹತ್ತಿರ ವರ್ಷ ಆಗುತ್ತೆ. ಒಳಗಿನ ನೀರು ತಾನಾಗಿ ಇಂಗಬೇಕು. ನಮ್ಮಜ್ಜಿ ಆಗಾಗ ಅಟ್ಟ ಹತ್ತಿ ಒಂದೊಂದನ್ನು ಕಿವಿ ಹತ್ತಿರ ಅಲ್ಲಾಡಿಸುತ್ತಿದ್ದರು. ನೀರಿನ ಸದ್ದು ಬಂದರೆ ವಾಪಸ್ಸು ಇಡು. ಒಳಗೆ ಗಿಟುಕು, ಅಂದರೆ ಒಣಗಿದ ಕೊಬ್ಬರಿ, ಲೊಟಲೊಟ ಅಂದರೆ ತೆಗೆ. ಅವಸರಪಟ್ಟು ಒಡೆದರೆ ಕೊಬ್ಬರಿಯೂ ಅಲ್ಲ, ಕಾಯಿಯೂ ಅಲ್ಲ. ಮನೆಯಲ್ಲಿ ಯಾರಿಗಾದರೂ ಕೆಲಸ ಸಿಗುವುದು ತಡವಾದರೆ ಅವರು "ಅಟ್ಟದ ಮೇಲಿದಾನೆ ಬಿಡು" ಅನ್ನುತ್ತಿದ್ದರು. ಮಾಗುತ್ತಿದ್ದಾನೆ ಅಂತ ಅರ್ಥ. ತಾತನಿಗೆ ನೀನು ಇದನ್ನೇ ಹೇಳು.

ಪ್ರ: ನಿಮ್ಮ ಅಂಕಣ ಓದುತ್ತಿದ್ದೇನೆ. ಬೇಸರವಾಗುತ್ತಿದೆ. ಡಿ.ವಿ.ಜಿ. ಹುಟ್ಟಿದ ಊರು ನಮ್ಮದು. ಮಾಸ್ತಿ ಇದೇ ಜಿಲ್ಲೆಯವರು. ಅಂಥ ಕನ್ನಡದ ಜಾಗದಲ್ಲಿ "ಸಖತ್", "ಬೇಜಾನ್" ಅನ್ನುವ ಪದಗಳಿಗೆ ಪತ್ರಿಕೆಯ ಪುಟ ಕೊಡುವುದು ಭಾಷೆಯನ್ನು ಕೆಡಿಸಿದ ಹಾಗಲ್ಲವೇ?
— ಹಿರಿಯ ಓದುಗರು, ಮುಳಬಾಗಿಲು

ಉ: ಸ್ವಾಮಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಭಾಷೆ ಮೇಲಿನ ಪ್ರೀತಿಯಿಂದ ಬಂದ ಸಿಟ್ಟು ಅದು. ಅದಕ್ಕೆ ನನ್ನ ಗೌರವ ಇದೆ. ಆದರೂ ಒಪ್ಪುವುದಿಲ್ಲ, ಯಾಕೆ ಅಂತ ಹೇಳುತ್ತೇನೆ.

ಮಾಸ್ತಿಯವರ ಮನೆಮಾತು ತಮಿಳು. 1983ರಲ್ಲಿ ಜ್ಞಾನಪೀಠ ಬಂದದ್ದು ಕನ್ನಡಕ್ಕೆ. ಅವರ ಕಥೆಗಳ ಕನ್ನಡ ಜಗಲಿ ಮೇಲೆ ಕೂತು ಆಡುವ ಮಾತಿನ ಹಾಗೆ ಇರುತ್ತೆ, ಕಷ್ಟದ ಪದ ಹುಡುಕಿದರೂ ಸಿಗುವುದಿಲ್ಲ. ನಮ್ಮ ಪಕ್ಕದ ಕೈವಾರದ ಸಂತ ತಾತಯ್ಯನವರು ಕನ್ನಡದಲ್ಲೂ ಹಾಡಿದರು, ತೆಲುಗಿನಲ್ಲೂ ಹಾಡಿದರು. ಈ ಸೀಮೆಯಲ್ಲಿ ಒಂದೇ ಭಾಷೆಯ ಮನೆ ಅಂತ ಹಿಂದೆಯೂ ಇರಲಿಲ್ಲ.

"ಸಖತ್" ಪರ್ಷಿಯನ್ ಕಡೆಯಿಂದ ಬಂದದ್ದು, ನಿಜ. ಆದರೆ ಜಮೀನು, ಅರ್ಜಿ, ಕಾಗದ, ತಹಸೀಲ್ದಾರ್, ಇವೆಲ್ಲ ಎಲ್ಲಿಂದ ಬಂದವು? ಮೊಗಲರು 1687ರಲ್ಲಿ ಶಿರಾವನ್ನು ಸುಬಾದ, ಅಂದರೆ ಪ್ರಾಂತ್ಯದ, ಮುಖ್ಯ ಊರು ಮಾಡಿದರು, ಕೋಲಾರವೂ ಅದಕ್ಕೆ ಸೇರಿತ್ತು. ಅಲ್ಲಿಂದ ಮುಂದೆ ಕಂದಾಯದ ಮಾತು ಬಹುಪಾಲು ಆ ಕಡೆಯದ್ದೇ ಆಯಿತು. ಕಚೇರಿಯ ಪದಗಳನ್ನು ನಾವು ಕನ್ನಡ ಅಂತ ಒಪ್ಪಿಕೊಂಡೆವು, ಯಾಕೆಂದರೆ ಅವು ಮೊಹರು ಹಾಕಿಸಿಕೊಂಡು ಬಂದವು. ಬೀದಿಯ ಪದಕ್ಕೆ ಮೊಹರು ಇಲ್ಲ, ಅದಕ್ಕೆ ಬಾಗಿಲು ಹಾಕುತ್ತೇವೆ. ನನಗೆ ಇದು ನ್ಯಾಯ ಅನ್ನಿಸುವುದಿಲ್ಲ.

"ಮಣ್ಣಿನ ಸೊಗಡು" ಅಂತ ಸಭೆಗಳಲ್ಲಿ ಹೇಳುತ್ತಾರಲ್ಲ, ಆ ಸೊಗಡು ನಮ್ಮ ಅವರೆಕಾಯಿಯದ್ದು. ಚಳಿಗಾಲದಲ್ಲಿ ಇಬ್ಬನಿ ಬಿದ್ದ ಕಾಯಿ ಸುಲಿದರೆ ಬೆರಳಿಗೆ ಅಂಟುವ ಜಿಡ್ಡು, ಆ ವಾಸನೆ. ಸೋಪು ಹಾಕಿ ತೊಳೆದರೂ ಸಂಜೆವರೆಗೂ ಹೋಗುವುದಿಲ್ಲ. ಸಂತೆಯಲ್ಲಿ ಕಾಯಿ ಕೊಳ್ಳುವವರು ಮೂಗಿನ ಹತ್ತಿರ ಹಿಡಿದೇ ಕೊಳ್ಳುತ್ತಾರೆ, ಸೊಗಡಿಲ್ಲದಿದ್ದರೆ ಕೆಳಗೆ ಹಾಕಿ ಮುಂದೆ ಹೋಗುತ್ತಾರೆ. ಮಾತಿನಲ್ಲೂ ಆ ಜಿಡ್ಡು ಇರಲಿ ಅಂತ ನನ್ನ ಆಸೆ.

ಹಾಗಂತ ಎಲ್ಲ ಪದಕ್ಕೂ ಇಲ್ಲಿ ಜಾಗ ಇಲ್ಲ. ಜಾತಿ ಹಿಡಿದು ಬಯ್ಯುವ ಪದ, ಮೈಬಣ್ಣ ಹಿಡಿದು, ಊನ ಹಿಡಿದು ಕರೆಯುವ ಪದ ತಿಂಗಳಿಗೆ ಒಂದಾದರೂ ಬರುತ್ತೆ, "ಇದಕ್ಕೂ ತಮಾಷೆ ಅರ್ಥ ಹೇಳಿ" ಅಂತ. ಅದನ್ನು ಹರಿದು ಹಾಕುತ್ತೇನೆ. ಒಬ್ಬರ ಕಣ್ಣಲ್ಲಿ ನೀರು ಬರಿಸುವ ಪದದಲ್ಲಿ ನಗುವ ಅರ್ಥ ಯಾವುದೂ ಇರುವುದಿಲ್ಲ. ಈ ವಿಷಯದಲ್ಲಿ ನೀವೂ ನಾನೂ ಒಂದೇ ಕಡೆ ಇದ್ದೇವೆ ಅಲ್ವಾ ಸ್ವಾಮಿ?

ಪ್ರ: ಮೇಡಂ, ಪೋಡಿ ಕೆಲಸಕ್ಕೆ, ಅಂದರೆ ಸರ್ವೆ ನಂಬರಿನಲ್ಲಿ ನಮ್ಮ ಭಾಗ ಬೇರೆ ಮಾಡಿಸೋಕೆ, ಅಲೆದು ಸಾಕಾಗಿದೆ. ಹೋದಾಗೆಲ್ಲ ಮೂರೇ ಮಾತು: "ಸರ್ವರ್ ಡೌನ್", "ನಾಳೆ ಬನ್ನಿ", "ನೋಡೋಣ". ಇವಕ್ಕೆ ಅರ್ಥ ಬರೆಯಿರಿ. ನಗುವಾದರೂ ಬರಲಿ.
— ಮಾವಿನ ತೋಟದವರು, ಶ್ರೀನಿವಾಸಪುರ

ಉ: ಇವು ನನ್ನ ಅಂಗಡಿ ಮುಂದೆ ದಿನಾ ಬೀಳುವ ಮಾತು. ಬರೆಯುತ್ತೇನೆ.

ನಾಳೆ ಬಾ: ಹಿಂದೆ ದೆವ್ವ ಒಳಗೆ ಬರದಿರಲಿ ಅಂತ ಬಾಗಿಲ ಮೇಲೆ ಬರೆಯುತ್ತಿದ್ದ ಮಾತು. ದೆವ್ವ ಓದಿಕೊಂಡು ವಾಪಸ್ಸು ಹೋಗುತ್ತಿತ್ತಂತೆ. ರೈತ ಮಾತ್ರ ನಿಜವಾಗಿಯೂ ನಾಳೆ ಬರುತ್ತಾನೆ.

ಸರ್ವರ್ ಡೌನ್: ಯಾರೂ ನೋಡಿರದ, ಎಲ್ಲಿದೆ ಅಂತ ಗೊತ್ತಿಲ್ಲದ, ಆದರೆ ಊಟದ ಹೊತ್ತಿಗೆ ತಪ್ಪದೆ ಬೀಳುವ ವಸ್ತು.

ನೋಡೋಣ: ಇಬ್ಬರೂ ಸೇರಿ ನೋಡುತ್ತೇವೆ ಅಂತ ವ್ಯಾಕರಣ ಹೇಳುತ್ತೆ. ನೋಡುವವರು ನೀವೊಬ್ಬರೇ. ನೋಡುತ್ತಾ ಇರಬೇಕು.

ಇದರ ಜೊತೆಗೆ ನನ್ನ ಕಡೆಯಿಂದ ಒಂದು ಸೇರಿಸಿ. ಒರಿಜಿನಲ್ ಜೆರಾಕ್ಸ್: ಇದನ್ನು ಕೇಳಿಕೊಂಡು ದಿನಾ ಜನ ಬರುತ್ತಾರೆ, ಅದು ಏನು ಅಂತ ನನಗೂ ಅವರಿಗೂ ಸರಿಯಾಗಿ ಅರ್ಥವಾಗುತ್ತೆ. ಚೆನ್ನಾಗಿ, ಕಪ್ಪಗೆ, ಸೀಲು ಕಾಣುವ ಹಾಗೆ ಹೊಡೆದುಕೊಡಿ ಅಂತ.

ನಗು ಬಂತಾ? ಇನ್ನು ಕೆಲಸದ ಮಾತು. ಸರ್ವೆ ನಂಬರಿನಲ್ಲಿ ನಿಮ್ಮ ಭಾಗ ಬೇರೆ ಆಗದಿದ್ದರೆ ಮುಂದೆ ಮಕ್ಕಳ ಕಾಲಕ್ಕೂ ತೊಂದರೆ. ಬಾಯಿಮಾತಿಗೆ ವಾಪಸ್ಸು ಬರಬೇಡಿ. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಕೇಳಿ ಪಡೆಯಿರಿ. ಸರ್ಕಾರಿ ಸೇವೆ ಗಡುವಿನೊಳಗೆ ಸಿಗಬೇಕು ಅನ್ನುವ ಸಕಾಲ ಯೋಜನೆ ನಮ್ಮ ರಾಜ್ಯದಲ್ಲಿ 2012ರಿಂದ ಇದೆ. ಅದರಡಿ ಬರುವ ಸೇವೆಗೆ ಅರ್ಜಿ ಹಾಕಿದರೆ ಜಿ.ಎಸ್‌.ಸಿ. ಅಂತ ಒಂದು ಸಂಖ್ಯೆ ಕೊಡುತ್ತಾರೆ, ಎಷ್ಟು ದಿನದಲ್ಲಿ ಆಗಬೇಕು ಅನ್ನುವುದೂ ಗೊತ್ತಾಗುತ್ತೆ. ಗಡುವು ಮೀರಿದರೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಹಾಕಬಹುದು. ಆ ಚೀಟಿಯನ್ನು ಎರಡು ಜೆರಾಕ್ಸ್ ಮಾಡಿಸಿ ಒಂದನ್ನು ಮನೆಯಲ್ಲಿಡಿ. ಈಗಿನ ಕಾಗದದ ಮೇಲಿನ ಅಕ್ಷರ ಎಷ್ಟೋ ಸಲ ಬಿಸಿಲಿಗೆ ಅಳಿಸಿಹೋಗುತ್ತೆ.

ಪ್ರ: ಮಚ್ಚಾ, ಮಗಾ, ಗುರು, ಶಿಷ್ಯ. ನನ್ನ ಗೆಳೆಯ ಒಂದೇ ದಿನದಲ್ಲಿ ಈ ನಾಲ್ಕೂ ಹೆಸರಿನಿಂದ ನನ್ನನ್ನು ಕರೆಯುತ್ತಾನೆ. ನಾನು ಅವನಿಗೆ ಏನಾಗಬೇಕು?
— ಐ.ಟಿ.ಐ. ವಿದ್ಯಾರ್ಥಿ, ಕೆ.ಜಿ.ಎಫ್.

ಉ: ಅವನ ಜೇಬಿನಲ್ಲಿ ಎಷ್ಟಿದೆ ಅನ್ನುವುದರ ಮೇಲೆ ಹೋಗುತ್ತೆ ತಮ್ಮಾ. ದುಡ್ಡು ಬೇಕಾದಾಗ ನೀನು ಗುರು. ಅವನು ನಿನಗೆ ಬುದ್ಧಿ ಹೇಳುವಾಗ ಶಿಷ್ಯ. ಕಷ್ಟ ಸುಖ ಹೇಳಿಕೊಳ್ಳುವಾಗ ಮಗಾ. ಮಚ್ಚಾ ತಮಿಳಿನ ನೆಂಟಸ್ತಿಕೆಯ ಮಾತು, ಭಾವ-ಭಾಮೈದನ ಲೆಕ್ಕ. ನಿಮ್ಮೂರಿನಲ್ಲಿ ಅದು ತುಂಬಾ ಸಹಜ. ಗಣಿ ಕೆಲಸಕ್ಕೆ ತಮಿಳರು, ತೆಲುಗರು, ಕನ್ನಡಿಗರು ಬಂದು ಪಕ್ಕಪಕ್ಕದ ಲೈನ್ ಮನೆಗಳಲ್ಲಿ ಬದುಕಿದರು. ಒಂದೇ ಬೋನಿನಲ್ಲಿ ನೆಲದ ಕೆಳಗೆ ಇಳಿಯುವವರು ಒಬ್ಬರನ್ನೊಬ್ಬರು ನೆಂಟರ ಹೆಸರಿಂದ ಕರೆಯದೆ ಇನ್ನೇನು ಕರೆದಾರು? 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು, ಮಚ್ಚಾ ಮಾತ್ರ ಉಳಿಯಿತು. ಅಂಥ ಪದವನ್ನು ಸಾಲ ಕೇಳೋಕೆ ಬಳಸಬೇಡ ಅಂತ ನಿನ್ನ ಗೆಳೆಯನಿಗೆ ನನ್ನ ಪರವಾಗಿ ಹೇಳು.

ಪ್ರ: ನಮ್ಮ ಯಜಮಾನರು ಬೆಂಗಳೂರಿಗೆ ದಿನಾ ಓಡಾಡುತ್ತಾರೆ. ಸಂಜೆ ಫೋನ್ ಮಾಡಿದರೆ "ಹೊಸಕೋಟೆ ದಾಟಿದೆ" ಅನ್ನುತ್ತಾರೆ. ಸಾರು ಬಿಸಿ ಮಾಡುತ್ತೇನೆ, ಆರುತ್ತೆ, ಮತ್ತೆ ಬಿಸಿ ಮಾಡುತ್ತೇನೆ.
— ಗೃಹಿಣಿ, ಕೋಲಾರ

ಉ: ನಮ್ಮ ರಸ್ತೆಯ ಮಾತಿಗೆ ಒಂದು ಪಟ್ಟಿಯೇ ಇದೆ ಅಕ್ಕಾ. "ಹೊರಟೆ" ಅಂದರೆ ಇನ್ನೂ ಚೇರಿನಿಂದ ಎದ್ದಿಲ್ಲ. "ದಾರೀಲಿ ಇದೀನಿ" ಅಂದರೆ ಬಸ್ಸಿಗೆ ಕಾಯುತ್ತಿದ್ದಾರೆ. "ಹೊಸಕೋಟೆ ದಾಟಿದೆ" ಅಂದರೆ ಕೆ.ಆರ್. ಪುರದ ಟ್ರಾಫಿಕ್ಕಿನಲ್ಲಿ ನಿಂತು ಸೇತುವೆ ನೋಡುತ್ತಿದ್ದಾರೆ. "ಎರಡು ನಿಮಿಷ" ಅಂದರೆ ನಿಜವಾಗಿ ಹೊಸಕೋಟೆ. ಫೋನ್ ಎತ್ತದೆ ಕಟ್ ಮಾಡಿದರೆ ಆಗ ಮುದ್ದೆಗೆ ಎಸರಿಡಿ, ಬಾಗಿಲಿಗೆ ಬಂದಿದ್ದಾರೆ.

ಅವರ ಮೇಲೆ ಸಿಟ್ಟಾಗಬೇಡಿ. ಕಾಯುವವರಿಗೆ ದೂರ ಕಡಿಮೆ ಕಾಣಲಿ ಅಂತ ಹೇಳುವ ಮಾತು ಅದು. ಆದರೆ ಸಾರನ್ನು ಒಂದೇ ಸಲ ಬಿಸಿ ಮಾಡಿ, ಗ್ಯಾಸಿನ ಬೆಲೆ ನಿಮಗೇ ಗೊತ್ತು.

ಪ್ರ: ಅಮ್ಮ ದಿನಾ ರಾತ್ರಿ ಫೋನ್ ಮಾಡಿ "ಏನಿಲ್ಲ, ಸುಮ್ನೆ ಮಾಡ್ದೆ" ಅನ್ನುತ್ತಾರೆ. ಸುಮ್ನೆ ಅಂದರೇನು?
— ಪಿ.ಯು. ವಿದ್ಯಾರ್ಥಿನಿ, ಗೌರಿಬಿದನೂರು ಮೂಲ, ತುಮಕೂರಿನಲ್ಲಿ ಹಾಸ್ಟೆಲ್

ಉ: ಸುಮ್ನೆ: ಊಟ ಮಾಡಿದ್ಯಾ, ಜ್ವರ ಬಿಟ್ಟಿತಾ, ದುಡ್ಡು ಇದೆಯಾ, ಯಾರಾದರೂ ಬೈದರಾ, ಯಾವಾಗ ಬರ್ತೀಯ, ಇಷ್ಟೂ ಪ್ರಶ್ನೆಗೆ ಒಟ್ಟಿಗೆ ಇಟ್ಟ ಹೆಸರು. ಪಕ್ಕದ ಮನೆಯವರು "ಸುಮ್ನೆ ಬಂದೆ" ಅಂದರೆ ಸಕ್ಕರೆಯೋ ಸಾಲವೋ ಬೇಕಾಗಿರುತ್ತೆ. ಅಮ್ಮ ಅಂದರೆ ಬೇರೆ ಲೆಕ್ಕ. ನೀನೂ ಒಂದು ದಿನ ಮೊದಲು ಮಾಡಿ "ಸುಮ್ನೆ ಮಾಡ್ದೆ ಅಮ್ಮಾ" ಅನ್ನು. ಗಾಬರಿಯಾಗಿ "ಏನಾಯ್ತೇ?" ಅಂತಾರೆ, ಅದಕ್ಕೂ ಸಿದ್ಧವಾಗಿರು.

ಒಂದೇ ಸಾಲಿನಲ್ಲಿ ಅರ್ಥ ಕೇಳಿದವರಿಗೆ:

ಬೈಟು (ತುಮಕೂರು): ಒಂದು ಕಾಫಿ, ಎರಡು ಲೋಟ, ಮುಕ್ಕಾಲು ಗಂಟೆ ಮಾತು.

ಕಾಂಕ್ರೀಟು (ಚಿಕ್ಕಬಳ್ಳಾಪುರ): ಆರಿದ ಮೇಲಿನ ಉಪ್ಪಿಟ್ಟು. ಬಿಸಿ ಇದ್ದಾಗ ಆ ಹೆಸರಿಟ್ಟರೆ ಮಾಡಿದವರಿಗೆ ಅನ್ಯಾಯ.

ಚಿತ್ರಾನ್ನ ಆಯ್ತು (ಮಾಲೂರು): ಮೂವರು ಬುದ್ಧಿವಂತರು ಸೇರಿ ಹಾಕಿದ ಯೋಜನೆ.

ಬಕೆಟ್ ಹಿಡಿಯೋದು (ಗುಬ್ಬಿ): ಸಾಹೇಬರು ಇನ್ನೂ ಜೋಕು ಮುಗಿಸಿಲ್ಲ, ಇವರ ನಗು ಆಗಲೇ ಮುಗಿದಿದೆ.

ರೇಟು (ಕೋಲಾರ ಟೊಮೆಟೊ ಮಾರುಕಟ್ಟೆ): ನಾವು ಗಿಡ ಕಿತ್ತು ಹಾಕಿದ ಮಾರನೇ ವಾರ ಬರುವುದು. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿದಾಗ ತೋಟದಲ್ಲಿ ಹಣ್ಣಿದ್ದವರು ರಾತ್ರಿ ಕಾವಲು ಮಲಗಿದರು. ಆಮೇಲೆ ಅದೇ ಹಣ್ಣನ್ನು ಕೊಯ್ಯುವ ಕೂಲಿ ಹುಟ್ಟದೆ ಬಿಟ್ಟದ್ದನ್ನೂ ನೋಡಿದ್ದೇವೆ. ಈ ಪದಕ್ಕೆ ಇದಕ್ಕಿಂತ ನಗುವ ಅರ್ಥ ಬರೆಯೋಕೆ ನನಗೆ ಮನಸ್ಸಿಲ್ಲ.

ಮುಂದಿನ ತಿಂಗಳು ಮಾವಿನ ಮಂಡಿಯ ಮಾತು. ಬಾದಾಮಿ, ತೋತಾಪುರಿ, ರಸಪುರಿ ಅಂತ ಹೆಸರು ಬರೆದರೆ ಸಾಲದು. ಹರಾಜಿನಲ್ಲಿ ಕೂಗುವವರು ಏನಂತಾರೆ, ಕಾಯಿ ಕೀಳುವವರು ಏನಂತಾರೆ, ಲಾರಿ ತುಂಬುವವರು ಏನಂತಾರೆ, ಕೇಳಿಸಿಕೊಂಡ ಹಾಗೇ ಬರೆಯಿರಿ. ಪದದ ಪಕ್ಕದಲ್ಲಿ ಊರು ಹಾಕಿ. ಯಾರ ಬಾಯಲ್ಲಿ ಕೇಳಿದಿರಿ ಅನ್ನುವುದನ್ನೂ ಹಾಕಿ: ಅಜ್ಜಿಯೋ, ಡ್ರೈವರೋ, ದಲ್ಲಾಳಿಯೋ.